ಕಬುಕಿ ನಟನಾಗಿ ಕತ್ತಿ ಹಿಡಿಯುವುದು: ಸಮುರಾಯ್ ಶೋಡೌನ್‌ನಲ್ಲಿ ಕ್ಯೋಶಿರೋ ಆಡಲು ಕಲಿಯಿರಿ

ಬಿಳಿ ಬಣ್ಣ ಬಳಿದ ಮುಖ. ಅದರ ಮೇಲೆ ದಪ್ಪ ಕೆಂಪು ಗೆರೆಗಳು. ಬೆನ್ನ ಮೇಲೆ ಇಳಿಬಿದ್ದ ಸಿಂಹದ ಕೇಸರದಂಥ ಕೂದಲು. ಕೈಯಲ್ಲಿ ಆಳುದ್ದದ ಕೋಲು, ಅದರ ತುದಿಗೆ ಬಾಗಿದ ಕತ್ತಿ. ಇವನೇ ಸೆನ್ರ್ಯೋ ಕ್ಯೋಶಿರೋ. ಜಪಾನಿನ ಎಸ್‌ಎನ್‌ಕೆ ಕಂಪನಿಯ 'ಸಮುರಾಯ್ ಶೋಡೌನ್' ಎಂಬ ಕತ್ತಿವರಸೆ ಗೇಮ್‌ನಲ್ಲಿ 1993ರ ಮೊದಲ ಆವೃತ್ತಿಯಿಂದಲೇ ಇದ್ದಾನೆ. ಕಸುಬಿನಿಂದ ಕಬುಕಿ ನಟ; ಕಬುಕಿ ಎಂದರೆ ಹಾಡು, ಕುಣಿತ ಬೆರೆತ ಜಪಾನಿನ ಹಳೆಯ ನಾಟಕ ಕಲೆ. ಕತ್ತಿ ಬೀಸುವುದೂ ಅವನಿಗೆ ಒಂದು ಕುಣಿತವೇ.

ನಮ್ಮಲ್ಲಿ ಈ ಗೇಮ್ ಆಡುವವರು ಕಡಿಮೆ. ಆಡುವವರೂ ಹಾವೋಮಾರು, ನಾಕೊರುರು ಅಂಥ ಹೆಸರಾಂತ ಪಾತ್ರಗಳನ್ನೇ ಆರಿಸುತ್ತಾರೆ. ಕ್ಯೋಶಿರೋನನ್ನು ಮುಟ್ಟುವವರು ಅಪರೂಪ. ನನಗೆ ಮಾತ್ರ ಅವನ ಮೇಲೆ ತುಂಬಾ ಪ್ರೀತಿ. ಅವನನ್ನು ಆಡುತ್ತಾ ಆಡುತ್ತಾ ನಾನು ಕಬುಕಿಯನ್ನು ತಿಳಿದುಕೊಂಡೆ. ಕಬುಕಿಯನ್ನು ತಿಳಿದ ಮೇಲೆ ಅವನನ್ನು ಇನ್ನೂ ಚೆನ್ನಾಗಿ ಆಡತೊಡಗಿದೆ. ನೀವು ಫೈಟಿಂಗ್ ಗೇಮ್ ಮುಟ್ಟದವರಾದರೂ ಪರವಾಗಿಲ್ಲ. ಸೊನ್ನೆಯಿಂದ ಶುರು ಮಾಡೋಣ.

ಮೊದಲು: ಯಾವ ಗೇಮ್ ತಗೊಳ್ಳಬೇಕು

ಜಪಾನಿನಲ್ಲಿ ಈ ಸರಣಿಯ ಹೆಸರು 'ಸಮುರಾಯ್ ಸ್ಪಿರಿಟ್ಸ್'. ಹೊರಗಿನವರಿಗೆ 'ಸಮುರಾಯ್ ಶೋಡೌನ್'. ಎರಡೂ ಒಂದೇ. ಹುಡುಕುವಾಗ ಗೊಂದಲ ಆಗದಿರಲಿ ಅಂತ ಹೇಳಿದೆ.

ನಿಮ್ಮ ಮುಂದೆ ಎರಡು ದಾರಿ ಇವೆ. ಒಂದು, 2019ರಲ್ಲಿ ಬಂದ ಹೊಸ ಗೇಮ್. ಅದರ ಹೆಸರೂ ಬರೀ 'ಸಮುರಾಯ್ ಶೋಡೌನ್'. ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ಗೆ ಮೊದಲು ಬಂತು. ಆಮೇಲೆ ನಿಂಟೆಂಡೊ ಸ್ವಿಚ್‌ಗೆ, ಕಂಪ್ಯೂಟರಿಗೆ ಬಂತು. ಶುರುವಿನಲ್ಲಿ ಅದರಲ್ಲಿದ್ದ 16 ಪಾತ್ರಗಳಲ್ಲಿ ಕ್ಯೋಶಿರೋ ಒಬ್ಬ. ಅವನಿಗಾಗಿ ಬೇರೆ ದುಡ್ಡು ಕೊಡಬೇಕಾಗಿಲ್ಲ. ಇನ್ನೊಂದು, 'ನಿಯೋ ಜಿಯೋ ಕಲೆಕ್ಷನ್'. 2020ರಲ್ಲಿ ಬಂದ ಇದರಲ್ಲಿ ಹಳೆಯ 7 ಆಟಗಳು ಒಟ್ಟಿಗೆ ಸಿಗುತ್ತವೆ.

ಹೊಸಬರು 2019ರದ್ದನ್ನೇ ತಗೊಳ್ಳಿ. ಅದರಲ್ಲಿ ಕಲಿಸುವ ಪಾಠಗಳಿವೆ, ಪ್ರ್ಯಾಕ್ಟೀಸ್ ಮೋಡ್ ಇದೆ. ಆಟ ನಿಲ್ಲಿಸಿ ಮೆನು ತೆರೆದರೆ ಪಾತ್ರದ ಎಲ್ಲ ಏಟುಗಳ ಪಟ್ಟಿ ಸಿಗುತ್ತದೆ. ಹಳೆಯವು ಚಂದ, ಆದರೆ ಯಾವುದನ್ನೂ ಕೈಹಿಡಿದು ಹೇಳಿಕೊಡುವುದಿಲ್ಲ. ಕೈ ಪಳಗಿದ ಮೇಲೆ 1994ರ ಎರಡನೇ ಆಟವನ್ನು ತಪ್ಪದೆ ಆಡಿ. ನನ್ನ ಮಟ್ಟಿಗೆ ಇಡೀ ಸರಣಿಯಲ್ಲೇ ಅತ್ಯಂತ ಸೊಗಸಾದದ್ದು ಅದು. ಸರಣಿ ಮತ್ತೆ ಮತ್ತೆ ರಿಯಾಯಿತಿ ದರದಲ್ಲಿ ಸಿಗುತ್ತಿರುತ್ತದೆ, ಆತುರವಿಲ್ಲದಿದ್ದರೆ ಕಾಯಿರಿ.

ಕೈಗೆ ಏನು, ಕಣ್ಣಿಗೆ ಏನು

ಕಂಪ್ಯೂಟರಿನಲ್ಲಿ ಆಡುವುದಾದರೆ ಕೀಬೋರ್ಡ್ ಸಾಕು. ನಿಜವಾಗಿಯೂ ಸಾಕು. ದುಬಾರಿ ಆರ್ಕೇಡ್ ಸ್ಟಿಕ್ ಬೇಕೇ ಬೇಕು ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಗೇಮ್‌ಪ್ಯಾಡ್ ಇದ್ದರೆ ಗುಂಡಗಿನ ಸ್ಟಿಕ್ ಬಿಟ್ಟು ಎಡಗಡೆಯ ಪ್ಲಸ್ ಆಕಾರದ ಬಟನ್ ಬಳಸಿ. ಹಿಂದೆ, ಮುಂದೆ, ಕೆಳಗೆ ಎಲ್ಲವೂ ಅದರಲ್ಲಿ ಖಚಿತವಾಗಿ ಬೀಳುತ್ತವೆ.

ಟಿವಿಗೆ ಜೋಡಿಸಿ ಆಡುವವರು ಒಂದು ಕೆಲಸ ಮಾಡಲೇಬೇಕು. ಟಿವಿಯ ಸೆಟ್ಟಿಂಗ್ಸ್‌ಗೆ ಹೋಗಿ 'ಗೇಮ್ ಮೋಡ್' ಹಾಕಿ. ಇಲ್ಲದಿದ್ದರೆ ನೀವು ಬಟನ್ ಒತ್ತಿದ ಮೇಲೆ ಚಿತ್ರ ಬರುವುದು ಸ್ವಲ್ಪ ತಡ. ಸಿನಿಮಾ ನೋಡುವಾಗ ಅದು ಗೊತ್ತೇ ಆಗುವುದಿಲ್ಲ. ಈ ಗೇಮ್‌ನಲ್ಲಿ ಅಷ್ಟು ತಡಕ್ಕೇ ತಲೆ ಹೋಗುತ್ತದೆ.

ರಂಗಸ್ಥಳದಲ್ಲಿ ಯಾರು ಯಾರಿದ್ದಾರೆ

ಬಟನ್ ಒತ್ತುವ ಮುಂಚೆ ಐದು ನಿಮಿಷ ಸುಮ್ನೆ ನೋಡಿ. ಪರದೆಯ ಮೇಲೆ ಇಬ್ಬರು ಆಟಗಾರರ ನಡುವೆ, ಹಿಂದುಗಡೆ, ಕಪ್ಪು ಬಟ್ಟೆ ಸುತ್ತಿಕೊಂಡು ಮುಖವನ್ನೂ ಮುಚ್ಚಿಕೊಂಡವನೊಬ್ಬ ಕಾಣುತ್ತಾನೆ. ಕೈಯಲ್ಲಿ ಕೆಂಪು, ಬಿಳಿ ಬಾವುಟಗಳು. ಯಾರ ಏಟು ಬಿತ್ತೋ ಅವರ ಬಾವುಟ ಎತ್ತುತ್ತಾನೆ. ಅವನು ಕುರೋಕೊ.

ಕಬುಕಿಯಲ್ಲಿ ಕುರೋಕೊ ಎಂದರೆ ರಂಗದ ಮೇಲೇ ಓಡಾಡುವ ಸಹಾಯಕ. ನಟನ ಕೈಗೆ ಸಾಮಾನು ಕೊಡುತ್ತಾನೆ, ಬಟ್ಟೆ ಸರಿಮಾಡುತ್ತಾನೆ, ಬೇಡದ್ದನ್ನು ಎತ್ತಿಕೊಂಡು ಹೋಗುತ್ತಾನೆ. ಕಪ್ಪು ಬಟ್ಟೆ ಹಾಕಿದ್ದಾನೆ, ಹಾಗಾಗಿ 'ಅವನು ಇಲ್ಲ' ಎಂದು ಪ್ರೇಕ್ಷಕರು ಒಪ್ಪಿಕೊಂಡಿರುತ್ತಾರೆ. ಹಿಮದ ದೃಶ್ಯವಾದರೆ ಬಿಳಿ ಬಟ್ಟೆ, ಸಮುದ್ರದ ದೃಶ್ಯವಾದರೆ ನೀಲಿ. ಯಾರೂ ನೋಡಬಾರದ ಮನುಷ್ಯನನ್ನೇ ತೀರ್ಪುಗಾರನನ್ನಾಗಿ ಮಾಡಿದ್ದಾರೆ ಈ ಗೇಮ್ ಕಟ್ಟಿದವರು. ಎಷ್ಟು ಒಳ್ಳೆಯ ಯೋಚನೆ, ಅಲ್ವಾ? ಎರಡನೇ ಆಟದಲ್ಲಂತೂ ಅವನೇ ಗುಟ್ಟಿನ ಎದುರಾಳಿಯಾಗಿ ಬಂದು ಹೊಡೆದಾಡುತ್ತಾನೆ.

ಹಳೆಯ ಆಟಗಳಲ್ಲಿ ಹಿಂದುಗಡೆ ಇನ್ನೊಬ್ಬ ಓಡುತ್ತಿರುತ್ತಾನೆ. ಅವನು ಹಿಕ್ಯಾಕು, ಎಂದರೆ ಹಳೆಯ ಕಾಲದ ಓಟದ ಅಂಚೆಯವನು. ಓಡುತ್ತಾ ಸಾಮಾನು ಎಸೆಯುತ್ತಾನೆ. ಮಾಂಸ ಬಿದ್ದರೆ ಎತ್ತಿಕೊಳ್ಳಿ, ಜೀವ ಸ್ವಲ್ಪ ಹೆಚ್ಚುತ್ತದೆ. ಬಾಂಬ್ ಬಿದ್ದರೆ ದೂರ ಸರಿಯಿರಿ.

ಕಥೆ ನಡೆಯುವುದು 1780ರ ದಶಕದ ಕೊನೆಯ ವರ್ಷಗಳಲ್ಲಿ. ಜಪಾನಿನಲ್ಲಿ ಅದು ತೆನ್ಮೇ ಕಾಲ. 1783ರಲ್ಲಿ ಅಸಾಮಾ ಜ್ವಾಲಾಮುಖಿ ಸಿಡಿಯಿತು, ದೊಡ್ಡ ಬರಗಾಲ ಬಂತು. ಅದೇ ಹೊತ್ತಿಗೆ ಎದೋ ನಗರದಲ್ಲಿ, ಎಂದರೆ ಈಗಿನ ಟೋಕಿಯೋದಲ್ಲಿ, ನಾಟಕಶಾಲೆಗಳೂ ಗಿಜಿಗುಡುತ್ತಿದ್ದವು. ಹೆಸರುವಾಸಿ ನಟರನ್ನು 'ಸೆನ್ರ್ಯೋ ಯಾಕುಶಾ' ಎನ್ನುತ್ತಿದ್ದರು. ವರ್ಷಕ್ಕೆ ಸಾವಿರ ರ್ಯೋ ಚಿನ್ನದ ನಾಣ್ಯ ದುಡಿಯುವ ನಟ ಎಂದು ಅರ್ಥ. ನಮ್ಮ ಕ್ಯೋಶಿರೋನ ಮನೆತನದ ಹೆಸರು ಸೆನ್ರ್ಯೋ. ಹೆಸರಿನಲ್ಲೇ ಸಾವಿರ ನಾಣ್ಯ ಇಟ್ಟುಕೊಂಡಿದ್ದಾನೆ. 'ಕ್ಯೋಶಿರೋ' ಬರೆಯುವ ಅಕ್ಷರಗಳಲ್ಲಿ ಮೊದಲನೆಯದು ಹುಚ್ಚು, ಎರಡನೆಯದು ಸಾವು.

ಮೊದಲ ದಿನ: ಏಟು ಹಾಕಬೇಡಿ

ಪ್ರ್ಯಾಕ್ಟೀಸ್ ಮೋಡ್‌ಗೆ ಹೋಗಿ. ಕ್ಯೋಶಿರೋನನ್ನು ಆರಿಸಿ. ಎದುರಾಳಿಯನ್ನು ಸುಮ್ನೆ ನಿಲ್ಲಿಸಿ. ಈಗ ಬರೀ ನಡೆಯಿರಿ. ಮುಂದೆ ಎರಡು ಹೆಜ್ಜೆ, ಹಿಂದೆ ಎರಡು ಹೆಜ್ಜೆ. ಹತ್ತು ನಿಮಿಷ ಇಷ್ಟೇ.

ಬೇಜಾರು ಅನ್ನಿಸಬಹುದು. ಆದರೆ ಈ ಗೇಮ್ ಬೇರೆ ಫೈಟಿಂಗ್ ಗೇಮ್‌ಗಳ ಹಾಗಲ್ಲ. ಅವುಗಳಲ್ಲಿ ಹತ್ತಿಪ್ಪತ್ತು ಏಟುಗಳನ್ನು ಒಂದರ ಹಿಂದೆ ಒಂದು ಪೋಣಿಸಿ ಹೊಡೆಯುವುದನ್ನು ಕಲಿಯಬೇಕು. ಇಲ್ಲಿ ಒಂದೇ ದೊಡ್ಡ ಏಟು ಎದುರಾಳಿಯ ಜೀವದಲ್ಲಿ ದೊಡ್ಡ ತುಂಡನ್ನೇ ಕಿತ್ತುಕೊಳ್ಳುತ್ತದೆ. ಸರಿಯಾದ ಹೊತ್ತಿಗೆ ಬಿದ್ದ ಮೂರ್ನಾಲ್ಕು ಏಟುಗಳಲ್ಲಿ ರೌಂಡ್ ಮುಗಿದುಹೋಗಬಹುದು. ಹಾಗಾಗಿ ಎಲ್ಲಿ ನಿಂತಿದ್ದೀರಿ ಅನ್ನುವುದೇ ಇಲ್ಲಿ ಮುಖ್ಯ.

ಕಬುಕಿ ನಾಟಕಶಾಲೆಯಲ್ಲಿ ಪ್ರೇಕ್ಷಕರ ನಡುವೆಯೇ ಹಾದು ರಂಗಕ್ಕೆ ಸೇರುವ ಉದ್ದನೆಯ ಹಾದಿಯೊಂದಿರುತ್ತದೆ. ಅದಕ್ಕೆ ಹನಾಮಿಚಿ ಎನ್ನುತ್ತಾರೆ, ಹೂವಿನ ಹಾದಿ. ನಟ ಅದರ ಮೇಲೆ ಬರುವಾಗ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ನಿಲ್ಲಲು ಒಂದು ಜಾಗ ಇದೆ. ಅದರ ಹೆಸರು ಶಿಚಿ-ಸಾನ್, ಏಳು-ಮೂರು. ಹಿಂದಿನ ಪರದೆಯಿಂದ ಏಳು ಪಾಲು, ರಂಗದಿಂದ ಮೂರು ಪಾಲು ದೂರ. ಅಲ್ಲಿ ನಿಂತರೆ ಇಡೀ ಸಭೆಗೆ ನಟ ಕಾಣುತ್ತಾನೆ. ನೂರಾರು ವರ್ಷ ಆಡಿ ನೋಡಿ ಕಂಡುಕೊಂಡ ಜಾಗ ಅದು.

ನಿಮ್ಮ ಕ್ಯೋಶಿರೋಗೂ ಅಂಥ ಒಂದು ಜಾಗ ಇದೆ. ಅದನ್ನು ಹೀಗೆ ಹುಡುಕಿ. ಎದುರಾಳಿಯಿಂದ ದೂರ ನಿಂತು ನಡು ಏಟಿನ ಬಟನ್ ಒತ್ತಿ. ತಾಗದಿದ್ದರೆ ಒಂದು ಚೂರು ಮುಂದೆ ಹೋಗಿ ಮತ್ತೆ ಒತ್ತಿ. ಕತ್ತಿಯ ತುದಿ ಮೊದಲ ಸಲ ತಾಗುವ ಜಾಗ ಸಿಗುತ್ತದೆ. ಅದನ್ನು ಕಣ್ಣಲ್ಲಿ ಹಿಡಿದುಕೊಳ್ಳಿ. ಅಲ್ಲಿಂದ ಅರ್ಧ ಹೆಜ್ಜೆ ಹಿಂದೆ ಬನ್ನಿ. ಅದೇ ನಿಮ್ಮ ಏಳು-ಮೂರು. ಪ್ರತಿ ರೌಂಡಿನಲ್ಲೂ ನೀವು ವಾಪಸ್ ಬಂದು ನಿಲ್ಲಬೇಕಾದದ್ದು ಅಲ್ಲಿಗೆ. ಕ್ಯೋಶಿರೋನ ಆಯುಧ ಉದ್ದ. ಹಾಗಾಗಿ ಹೆಚ್ಚಿನ ಎದುರಾಳಿಗಳು ನಿಮ್ಮನ್ನು ಮುಟ್ಟಲು ಇನ್ನೂ ಹತ್ತಿರ ಬರಲೇಬೇಕು. ಬರಲಿ. ಬರುವಾಗ ಹೊಡೆಯಿರಿ.

ನಾಲ್ಕು ಬಟನ್‌ಗಳು

2019ರ ಆಟದಲ್ಲಿ ಸಣ್ಣ ಏಟು, ನಡು ಏಟು, ದೊಡ್ಡ ಏಟು, ಒದೆ ಅಂತ ನಾಲ್ಕು ಬಟನ್. ಹಳೆಯ ಎರಡನೇ ಆಟದಲ್ಲೂ ನಾಲ್ಕೇ, ಆದರೆ ಲೆಕ್ಕ ಬೇರೆ. ಅಲ್ಲಿ ಎರಡು ಕತ್ತಿಗೆ, ಎರಡು ಒದೆಗೆ. ಕತ್ತಿಯ ಎರಡೂ ಬಟನ್ ಒಟ್ಟಿಗೆ ಒತ್ತಿದರೆ ದೊಡ್ಡ ಏಟು ಬರುತ್ತದೆ.

ಸಣ್ಣ ಏಟು ಮೈಮೇಲೆ ಬಿದ್ದವರನ್ನು ದೂರ ಇಡಲು. ನಡು ಏಟು ನಿಮ್ಮ ದಿನನಿತ್ಯದ ಕೆಲಸಕ್ಕೆ, ಇದನ್ನೇ ಜಾಸ್ತಿ ಬಳಸಿ. ಒದೆಯಿಂದ ನೋವು ಕಡಿಮೆ, ಅಪಾಯವೂ ಕಡಿಮೆ. ಎದುರಾಳಿ ಹೇಗೆ ಪ್ರತಿಕ್ರಿಯೆ ಕೊಡುತ್ತಾನೆ ಅಂತ ತಿಳಿಯಲು ಒಂದು ಒದೆ ಬಿಟ್ಟು ನೋಡಬಹುದು.

ದೊಡ್ಡ ಏಟಿನ ಬಗ್ಗೆ ಬಿಡಿಸಿ ಹೇಳಬೇಕು. ಅದು ಎಲ್ಲರಿಗೂ ಇಷ್ಟವಾಗುವ ಬಟನ್. ಸದ್ದು ಚೆನ್ನಾಗಿದೆ, ಪರದೆಯೇ ಒಂದು ಗಳಿಗೆ ನಿಂತ ಹಾಗಾಗುತ್ತದೆ. ಹೊಸಬರು ಅದನ್ನೇ ಒತ್ತುತ್ತಾ ಕೂರುತ್ತಾರೆ. ನಾನೂ ಮೊದಲ ಎರಡು ವಾರ ಅದನ್ನೇ ಮಾಡಿದೆ, ಸೋಲುತ್ತಲೇ ಹೋದೆ. ಕಾರಣ ಸರಳ. ದೊಡ್ಡ ಏಟು ಗಾಳಿಗೆ ಹೋದರೆ ಕ್ಯೋಶಿರೋ ಆ ಉದ್ದನೆಯ ಕೋಲನ್ನು ಮತ್ತೆ ಎಳೆದುಕೊಳ್ಳಲು ಹೊತ್ತು ತಗೊಳ್ಳುತ್ತಾನೆ. ಅಷ್ಟರಲ್ಲಿ ಎದುರಾಳಿಯ ದೊಡ್ಡ ಏಟು ನಿಮ್ಮ ಮೇಲೆ ಬಿದ್ದಿರುತ್ತದೆ. ಅವನು ಬ್ಲಾಕ್ ಮಾಡಿದರೂ, ಎಂದರೆ ಏಟನ್ನು ತಡೆದರೂ, ಅಷ್ಟೇ, ನಿಮ್ಮ ಕತ್ತಿ ಪುಟಿದು ಮೈ ತೆರೆದುಕೊಳ್ಳುತ್ತದೆ.

ಹಾಗಾದರೆ ಯಾವಾಗ ಒತ್ತಬೇಕು? ಎದುರಾಳಿ ತಪ್ಪು ಮಾಡಿದ ಮೇಲೆ ಮಾತ್ರ. ಅವನ ದೊಡ್ಡ ಏಟು ಗಾಳಿಗೆ ಹೋಯಿತು: ಒತ್ತಿ. ಅವನು ಯೋಚಿಸದೆ ಹಾರಿಬಂದು ನಿಮ್ಮ ಮುಂದೆ ತಪ್ಪಾಗಿ ಇಳಿದ: ಒತ್ತಿ. ಇದನ್ನು ಬಿಟ್ಟು ಬೇರೆ ಹೊತ್ತಿನಲ್ಲಿ ಬೆರಳನ್ನು ಆ ಬಟನ್‌ನಿಂದ ದೂರ ಇಡಿ. ಬೆರಳು ತಡೆಯಲಾಗದಿದ್ದರೆ ಒಂದು ದಿನದ ಮಟ್ಟಿಗೆ ಸೆಟ್ಟಿಂಗ್ಸ್‌ನಲ್ಲಿ ಆ ಬಟನ್ ಅನ್ನು ಕೈಗೆ ಸುಲಭಕ್ಕೆ ಸಿಗದ ಕಡೆಗೆ ಬದಲಾಯಿಸಿ. ನನಗೆ ಅದು ಕೆಲಸ ಮಾಡಿತು.

ನಿಲ್ಲುವುದನ್ನು ಕಲಿಯುವುದು

ಈ ಲೇಖನ ಬರೆಯಲು ನನಗೆ ಮುಖ್ಯ ಕಾರಣವೇ ಈ ಭಾಗ. ನಿಧಾನವಾಗಿ ಓದಿ.

ಕಬುಕಿಯಲ್ಲಿ 'ಮಿಎ' ಅಂತ ಒಂದಿದೆ. ಕಥೆ ಬಿಸಿಯೇರಿದ ಹೊತ್ತಿನಲ್ಲಿ ನಟ ಕೈಕಾಲು ಚಾಚಿ, ತಲೆಯನ್ನು ಒಮ್ಮೆ ಸುತ್ತಿಸಿ, ಕಣ್ಣು ಅಗಲಿಸಿ, ಕೆಲವೊಮ್ಮೆ ಒಂದು ಕಣ್ಣನ್ನು ಒಳಗೆ ತಿರುಗಿಸಿ, ತಟ್ಟನೆ ಶಿಲೆಯಾಗುತ್ತಾನೆ. ರಂಗದ ಪಕ್ಕದಲ್ಲಿ ಕೂತವನೊಬ್ಬ ಎರಡು ಮರದ ತುಂಡುಗಳಿಂದ ಹಲಗೆಯ ಮೇಲೆ ಬಡಿಯುತ್ತಾನೆ. ಆ ಬಡಿತಕ್ಕೆ ತ್ಸುಕೆ ಎಂದು ಹೆಸರು. ಆಗ ಸಭೆಯ ಹಿಂದಿನಿಂದ ಅಭಿಮಾನಿಗಳು ನಟನ ಮನೆತನದ ರಂಗನಾಮವನ್ನು ಕೂಗುತ್ತಾರೆ. ಇಚಿಕಾವಾ ದಾಂಜೂರೋ ಮನೆತನದವರಿಗಾದರೆ 'ನಾರಿತಾಯಾ!' ಎಂಬ ಕೂಗು. ಮುಖಕ್ಕೆ ಕೆಂಪು ಗೆರೆ ಎಳೆದು ಅಬ್ಬರದಿಂದ ಆಡುವ ಅರಾಗೊತೊ ಶೈಲಿಯನ್ನು ಕಟ್ಟಿದವನು ಆ ಮನೆತನದ ಮೊದಲನೇ ದಾಂಜೂರೋ (1660–1704). 2022ರಲ್ಲಿ ಹದಿಮೂರನೆಯವರು ಆ ಹೆಸರು ಹೊತ್ತರು.

ಅಬ್ಬರದ ನಾಟಕದಲ್ಲಿ ಜನ ಕೂಗಿ ಮೆಚ್ಚುವುದು ನಟ ಅಲುಗಾಡದೆ ನಿಂತಾಗ. ನನಗೆ ಇದು ತಿಳಿದ ದಿನ ಕ್ಯೋಶಿರೋ ತಿಳಿದ. ಅವನನ್ನು ಚೆನ್ನಾಗಿ ಆಡುವುದು ಎಂದರೆ ಚೆನ್ನಾಗಿ ನಿಲ್ಲುವುದು.

ಅಭ್ಯಾಸ ಹೀಗೆ ಮಾಡಿ. ಕಂಪ್ಯೂಟರ್ ಎದುರಾಳಿಯನ್ನು ಸುಲಭದ ಮಟ್ಟಕ್ಕೆ ಇಡಿ. ರೌಂಡ್ ಶುರುವಾದ ಕೂಡಲೇ ಹಿಂದಿನ ದಿಕ್ಕನ್ನು ಒತ್ತಿ ಹಿಡಿದು ಬ್ಲಾಕ್ ಮಾಡಿ. ಕೆಳಗಿನ ಏಟು ಬಂದರೆ ಕೂತು ಬ್ಲಾಕ್ ಮಾಡಿ. ಮೂವತ್ತು ಸೆಕೆಂಡ್ ಒಂದೂ ಏಟು ಹಾಕಬೇಡಿ. ಅವನು ಏನೇನು ಮಾಡುತ್ತಾನೆ ಅಂತ ಬಾಯಲ್ಲಿ ಹೇಳಿಕೊಳ್ಳಿ: 'ಹಾರಿದ', 'ಓಡಿಬಂದ', 'ದೊಡ್ಡ ಏಟು'. ಬಾಯಲ್ಲಿ ಹೇಳುವುದು ಮುಖ್ಯ, ಕಣ್ಣು ಆಗ ಬೇಗ ಪಳಗುತ್ತದೆ. ಮೂವತ್ತು ಸೆಕೆಂಡ್ ಕಳೆದ ಮೇಲೆ ಒಂದೇ ಒಂದು ದೊಡ್ಡ ಏಟು ಹಾಕಲು ನಿಮಗೆ ಅನುಮತಿ. ಅದು ತಾಗಿದರೆ ಗೆದ್ದ ಹಾಗೆ. ತಾಗದಿದ್ದರೆ ಮತ್ತೆ ಮೂವತ್ತು ಸೆಕೆಂಡ್.

ದಿನಕ್ಕೆ ಇಪ್ಪತ್ತು ನಿಮಿಷದಂತೆ ಒಂದು ವಾರ ಮಾಡಿ. ವಾರದ ಕೊನೆಗೆ ಎದುರಾಳಿಯ ಭುಜ ಅಲುಗಿದ ಕೂಡಲೇ ಯಾವ ಏಟು ಬರುತ್ತಿದೆ ಅಂತ ನಿಮಗೆ ಹೊಳೆಯತೊಡಗುತ್ತದೆ.

ಬೆಂಕಿ ಊದುವುದು

ಈಗ ಕ್ಯೋಶಿರೋನ ವಿಶೇಷ ಏಟುಗಳು. ಅವನು ಬಾಯಿಂದ ಬೆಂಕಿ ಊದುತ್ತಾನೆ. ಆಯುಧವನ್ನು ಸುತ್ತಿಸುತ್ತಾ ಮೇಲೆ ನೆಗೆಯುತ್ತಾನೆ. ಇವುಗಳ ಹೆಸರಿನಲ್ಲಿ 'ಕ್ಯೋಕುಬು' ಅಂತ ಬರುವುದನ್ನು ಪಟ್ಟಿಯಲ್ಲಿ ಗಮನಿಸಿ. ಆ 'ಬು' ಎಂದರೆ ಕುಣಿತ. ಕಬುಕಿ ಎಂದು ಬರೆಯುವ ಮೂರು ಅಕ್ಷರಗಳ ನಡುವಿನ 'ಬು' ಕೂಡ ಅದೇ: ಹಾಡು, ಕುಣಿತ, ಕೌಶಲ.

ಆಟವನ್ನು ನಿಲ್ಲಿಸಿ ಏಟುಗಳ ಪಟ್ಟಿ ತೆರೆಯಿರಿ. ಬಾಣದ ಗುರುತುಗಳು ಕಾಣುತ್ತವೆ. ಈ ಬಗೆಯ ಗೇಮ್‌ಗಳಲ್ಲಿ ಮತ್ತೆ ಮತ್ತೆ ಬರುವ ಗುರುತು ಕಾಲು ವೃತ್ತದ್ದು: ಕೆಳಗೆ, ಕೆಳಗೆ-ಮುಂದೆ, ಮುಂದೆ, ಆಮೇಲೆ ಬಟನ್. ಹೆಬ್ಬೆರಳನ್ನು ಎತ್ತದೆ ಒಂದೇ ಸಲಕ್ಕೆ ಜಾರಿಸಿ. ಜೋರಾಗಿ ಒತ್ತಬೇಕಾಗಿಲ್ಲ. ಬರದಿದ್ದರೆ ಹೆಚ್ಚಿನ ಸಲ ತಪ್ಪು ಒಂದೇ: ಹೆಬ್ಬೆರಳು ಕೊನೆಯ 'ಮುಂದೆ'ಗೆ ಮುಟ್ಟುವ ಮೊದಲೇ ಬಟನ್ ಒತ್ತಿರುತ್ತೀರಿ. ನಿಧಾನ ಮಾಡಿ. ಎಡಕ್ಕೆ ಮುಖ ಮಾಡಿ ಹತ್ತು ಸಲ, ಬಲಕ್ಕೆ ಮುಖ ಮಾಡಿ ಹತ್ತು ಸಲ. ಒಂದು ಕಡೆ ಸುಲಭ, ಇನ್ನೊಂದು ಕಡೆ ಕಷ್ಟ ಅನ್ನಿಸುವುದು ಸಹಜ. ಕಷ್ಟದ ಕಡೆಗೇ ಜಾಸ್ತಿ ಹೊತ್ತು ಕೊಡಿ.

ಏಟು ಕೈಗೆ ಬಂದ ಮೇಲೆ ಅದನ್ನು ಎಲ್ಲಿ ಬಳಸುವುದು? ನಿಮ್ಮ ಏಳು-ಮೂರು ಜಾಗದಲ್ಲಿ ನಿಂತಾಗ ಎದುರಾಳಿಯೂ ದೂರದಲ್ಲೇ ನಿಂತು ಕಾಯುತ್ತಿದ್ದಾನೆ ಅನ್ನಿ. ಆಗ ಬೆಂಕಿ. ಅವನು ಅಲುಗಾಡಲೇಬೇಕಾಗುತ್ತದೆ. ಬ್ಲಾಕ್ ಮಾಡಿದರೆ ಸರಿ. ಹಾರಿಬಂದರೆ ನೀವು ಕಾಯುತ್ತಿದ್ದ ಗಳಿಗೆ ಸಿಕ್ಕಿತು. ಆದರೆ ಎದುರಾಳಿ ಮೂಗಿನ ಮುಂದೆ ಇರುವಾಗ ಬೆಂಕಿ ಊದಬೇಡಿ. ಊದಿ ಮುಗಿಸುವವರೆಗೆ ಅವನು ಸುಮ್ಮನಿರುವುದಿಲ್ಲ. ಇನ್ನೊಂದು ಮಾತು: ಒಂದೇ ಅಂತರದಲ್ಲಿ ಒಂದೇ ತಾಳಕ್ಕೆ ಮೂರು ಸಲ ಊದಿದರೆ ನಾಲ್ಕನೆಯದಕ್ಕೆ ಅವನು ಸಿದ್ಧನಾಗಿರುತ್ತಾನೆ. ಎರಡು ಸಲ ಊದಿ, ಮೂರನೆಯ ಸಲ ಸುಮ್ನೆ ನಿಲ್ಲಿ. ಅವನು ಹಾರುತ್ತಾನೆ.

ಬ್ಲಾಕ್ ಮಾಡಿ ಕೂತವರನ್ನು ಏಳಿಸುವುದು

ನಿಮ್ಮಂತೆಯೇ ಕಾಯುವವರು ಸಿಗುತ್ತಾರೆ. ಅಂಥವರ ಮೇಲೆ ಬಳಸಲು 2019ರ ಆಟದಲ್ಲಿ ಕಾವಲು ಒಡೆಯುವ ನಡೆಗಳಿವೆ. ಹತ್ತಿರ ಹೋಗಿ ನೂಕಿದರೆ ಬ್ಲಾಕ್ ಕಳಚಿ ಎದುರಾಳಿ ತತ್ತರಿಸುತ್ತಾನೆ. ಆಗ ದೊಡ್ಡ ಏಟು. ಆಟದ ಪಾಠಗಳ ಭಾಗದಲ್ಲಿ ಇದನ್ನು ಚೆನ್ನಾಗಿ ತೋರಿಸಿಕೊಡುತ್ತಾರೆ, ಎರಡು ಸಲ ಮಾಡಿ ನೋಡಿ. ಹೊಸಬರು ಇದನ್ನು ಪೂರ್ತಿ ಮರೆತುಬಿಡುತ್ತಾರೆ.

ಕೋಪದ ಗೇಜ್

ಪರದೆಯ ಕೆಳಗೆ ಇರುವ ಪಟ್ಟಿ ರೇಜ್ ಗೇಜ್. ನಿಮಗೆ ಏಟು ಬಿದ್ದಷ್ಟೂ ಅದು ತುಂಬುತ್ತದೆ. ತುಂಬಿದಾಗ ನಿಮ್ಮ ಏಟಿನ ಬಲ ಹೆಚ್ಚುತ್ತದೆ, ಎದುರಾಳಿಯ ಆಯುಧವನ್ನೇ ಹಾರಿಸುವ ಏಟು ಕೂಡ ಸಿಗುತ್ತದೆ. ಆಯುಧ ಹೋದವನಿಗೆ ವಿಶೇಷ ಏಟುಗಳಲ್ಲಿ ಹೆಚ್ಚಿನವು ಸಿಗುವುದಿಲ್ಲ. ಬರಿಗೈಯಲ್ಲಿ ಹೊಡೆಯಬೇಕು, ಇಲ್ಲವೇ ಬಿದ್ದದ್ದನ್ನು ಹೆಕ್ಕಿಕೊಳ್ಳಲು ಓಡಬೇಕು. ಅವನ ಕತ್ತಿ ಬಿದ್ದ ಜಾಗಕ್ಕೂ ಅವನಿಗೂ ನಡುವೆ ಹೋಗಿ ನಿಂತುಬಿಡಿ. ಅವನೇ ನಿಮ್ಮ ಹತ್ತಿರ ಬರುತ್ತಾನೆ.

ನಿಮ್ಮದೇ ಆಯುಧ ಹೋದರೆ ಗಾಬರಿ ಬೇಡ. ಕತ್ತಿ ಬಿದ್ದ ಕಡೆ ನೇರವಾಗಿ ಓಡಬೇಡಿ, ಅವನು ಕಾಯುತ್ತಿರುವುದೇ ಅದಕ್ಕೆ. ಬ್ಲಾಕ್ ಮಾಡುತ್ತಾ ಹಂತ ಹಂತವಾಗಿ ಸರಿಯಿರಿ. ಬರಿಗೈಯಲ್ಲಿ ಎದುರಾಳಿಯ ಕತ್ತಿಯನ್ನು ಎರಡು ಅಂಗೈಗಳ ನಡುವೆ ಹಿಡಿಯುವ ವಿದ್ಯೆಯೂ ಈ ಗೇಮ್‌ನಲ್ಲಿದೆ. ಕಷ್ಟ. ಒಂದು ಸಲ ಹಿಡಿದರೆ ಅದರ ಖುಷಿ ವಾರವಿಡೀ ಇರುತ್ತದೆ.

2019ರ ಆಟದಲ್ಲಿ 'ರೇಜ್ ಎಕ್ಸ್‌ಪ್ಲೋಷನ್' ಅಂತ ಇನ್ನೊಂದು ಇದೆ. ಗೇಜನ್ನೇ ಸಿಡಿಸಿ ಸ್ವಲ್ಪ ಹೊತ್ತು ಬಲ ಪಡೆಯುವುದು. ಜೀವ ಕಡಿಮೆ ಇದ್ದಷ್ಟೂ ಆ ಹೊತ್ತು ಉದ್ದ. ಆಗ ಒಂದೇ ಗೆರೆಯಲ್ಲಿ ಮಿಂಚಿನಂತೆ ಸೀಳಿಕೊಂಡು ಹೋಗುವ ಇಸ್ಸೆನ್ ಎಂಬ ಏಟು ಹಾಕಬಹುದು. ಇಡೀ ಪಂದ್ಯಕ್ಕೆ ಒಂದೇ ಸಲ. ಸಿಡಿಸಿದ ಮೇಲೆ ಆ ಪಂದ್ಯದಲ್ಲಿ ನಿಮಗೆ ರೇಜ್ ಗೇಜೇ ಇರುವುದಿಲ್ಲ. ಹಾಗಾಗಿ ಮೊದಲ ರೌಂಡಿನಲ್ಲಿ ಸಿಡಿಸಬೇಡಿ. ಸೋಲುವ ಅಂಚಿಗೆ ಬಂದಾಗ, ಎದುರಾಳಿ ಗೆದ್ದೆ ಅಂದುಕೊಂಡು ಸಡಿಲ ಬಿಟ್ಟಾಗ, ಅವನ ಒಂದು ದೊಡ್ಡ ಏಟು ತಪ್ಪಿದ ಗಳಿಗೆಯಲ್ಲಿ ಇಸ್ಸೆನ್ ಹಾಕಿ. ಪಂದ್ಯ ಅಲ್ಲೇ ತಿರುಗುತ್ತದೆ. ಇದೇ ಬಗೆಯ ಇನ್ನೊಂದು ದೊಡ್ಡ ಏಟು ಪ್ರತಿ ಪಾತ್ರಕ್ಕೂ ಪಂದ್ಯಕ್ಕೊಮ್ಮೆ ಸಿಗುತ್ತದೆ. ಅದು ರೇಜ್‌ಗೆ ಸೇರಿದ್ದಲ್ಲ, ಯಾವಾಗ ಬೇಕಾದರೂ ಬಳಸಬಹುದು.

ನಿಜವಾದ ಕಬುಕಿಯನ್ನು ನೋಡಿ

ಇದನ್ನು ಬಿಟ್ಟು ಮುಂದಿನ ಹೆಜ್ಜೆಗೆ ಹೋಗಬಹುದು. ಆದರೆ ಬಿಡಬೇಡಿ ಅಂತ ನನ್ನ ಕೋರಿಕೆ.

ಕಬುಕಿ ಶುರುವಾದದ್ದು 1603ರ ಸುಮಾರಿಗೆ, ಕ್ಯೋಟೋದ ಕಾಮೋ ನದಿಯ ಒಣ ಮರಳಿನ ಮೇಲೆ. ಶುರು ಮಾಡಿದವಳು ಒಬ್ಬ ಹೆಂಗಸು, ಇಝುಮೋದ ಒಕುನಿ. 1629ರಲ್ಲಿ ಹೆಂಗಸರು ರಂಗ ಹತ್ತುವುದನ್ನೇ ಸರ್ಕಾರ ನಿಷೇಧಿಸಿತು. ಅಂದಿನಿಂದ ಹೆಣ್ಣು ಪಾತ್ರಗಳನ್ನೂ ಗಂಡಸರೇ ಮಾಡುತ್ತಾ ಬಂದರು. ಅಂಥ ನಟರಿಗೆ ಒನ್ನಾಗಾತಾ ಎನ್ನುತ್ತಾರೆ. ಒಬ್ಬ ಹೆಂಗಸು ಹುಟ್ಟುಹಾಕಿದ ಕಲೆಯಿಂದ ಹೆಂಗಸರನ್ನೇ ಹೊರಗಿಟ್ಟದ್ದು ನನಗೆ ಈಗಲೂ ನೋವು ತರುತ್ತದೆ.

ಟೋಕಿಯೋದ ಗಿಂಝಾದಲ್ಲಿ ಕಬುಕಿ-ಝಾ ನಾಟಕಶಾಲೆ ಇದೆ. 1889ರಲ್ಲಿ ತೆರೆದದ್ದು, ಈಗಿನ ಕಟ್ಟಡ 2013ರದ್ದು. ಅಲ್ಲಿಗೆ ಹೋಗುವ ಅವಕಾಶ ಸಿಕ್ಕರೆ ಇಡೀ ಆಟ ನೋಡಲು ಹೊತ್ತಿಲ್ಲದಿದ್ದರೂ ಒಂದೇ ಅಂಕಕ್ಕೆ ಟಿಕೆಟ್ ಕೊಳ್ಳಬಹುದು. ಹೋಗಲಾಗದವರು ಮನೆಯಲ್ಲೇ ಎರಡು ಸಂಗತಿ ನೋಡಿ. ಒಂದು, ಸಿಂಹ ಕುಣಿತ. ಬಿಳಿ ಕೇಸರದ ತಂದೆ ಸಿಂಹ, ಕೆಂಪು ಕೇಸರದ ಮರಿ ಸಿಂಹ ಒಟ್ಟಿಗೆ ಉದ್ದ ಕೂದಲನ್ನು ಸುತ್ತಿಸುವ 'ರೆನ್‌ಜಿಶಿ'. ನೋಡಿದ ಮೇಲೆ ಕ್ಯೋಶಿರೋನ ಕೂದಲು ಎಲ್ಲಿಂದ ಬಂತು ಅಂತ ಕೇಳಬೇಕಾಗಿಲ್ಲ. ಇನ್ನೊಂದು, ಶಾರಾಕು ಎಂಬ ಚಿತ್ರಕಾರ 1794–95ರಲ್ಲಿ ಮಾಡಿದ ನಟರ ಮುಖಗಳು. ಅವನು ಚಿತ್ರ ಹೊರತಂದದ್ದು ಸುಮಾರು ಹತ್ತು ತಿಂಗಳು ಮಾತ್ರ. ಈ ಗೇಮ್‌ನ ಕಥೆ ನಡೆಯುವ ವರ್ಷಗಳಿಗೂ ಅವನಿಗೂ ಅಂತರ ಏಳೆಂಟು ವರ್ಷ ಅಷ್ಟೇ. ಕ್ಯೋಶಿರೋ ನಿಜವಾಗಿ ಇದ್ದಿದ್ದರೆ ಶಾರಾಕು ಅವನ ಮುಖವನ್ನೂ ಬಿಡಿಸುತ್ತಿದ್ದ ಅಂತ ನನಗೆ ಅನ್ನಿಸುತ್ತದೆ.

ಮುಖದ ಗೆರೆಗಳ ಬಣ್ಣವನ್ನೂ ಗಮನಿಸಿ. ಅದಕ್ಕೆ ಕುಮಾದೋರಿ ಎಂದು ಹೆಸರು. ಕೆಂಪು ಗೆರೆ ಎಂದರೆ ಬಿಸಿರಕ್ತದ ನಾಯಕ. ನೀಲಿ ಎಂದರೆ ಕೇಡಿಗ, ಇಲ್ಲವೇ ದೆವ್ವ. ಕ್ಯೋಶಿರೋನ ಮುಖದಲ್ಲಿರುವುದು ಕೆಂಪು.

ಮನುಷ್ಯರ ಜೊತೆ ಆಡುವುದು

ಕಂಪ್ಯೂಟರ್ ಎದುರಾಳಿಯನ್ನು ನಡು ಮಟ್ಟದಲ್ಲಿ ಸೋಲಿಸತೊಡಗಿದ ಮೇಲೆ ಆನ್‌ಲೈನ್‌ಗೆ ಹೋಗಿ. ಸಾಧ್ಯವಾದರೆ ವೈ-ಫೈ ಬಿಟ್ಟು ರೂಟರಿನಿಂದ ಕೇಬಲ್ ಎಳೆದುಕೊಳ್ಳಿ. ಕರ್ನಾಟಕದಲ್ಲಿ ಕೂತು ಜಪಾನಿನವರ ಜೊತೆ ಆಡಿದರೆ ದೂರದಿಂದಾಗಿ ತಡ ಆಗೇ ಆಗುತ್ತದೆ. ಹಾಗಾಗಿ ಸಂಪರ್ಕ ಚೆನ್ನಾಗಿರುವ, ಹತ್ತಿರದ ದೇಶದ ಎದುರಾಳಿಯನ್ನು ಆರಿಸಿ. ಸಿಗಲು ಹೊತ್ತಾಗುತ್ತದೆ. ಇದನ್ನು ಆಡುವವರು ಮೊದಲೇ ಕಡಿಮೆ, ಕಾಯುವಾಗ ಪ್ರ್ಯಾಕ್ಟೀಸ್ ಮಾಡುತ್ತಿರಿ.

ಸೋತ ಪಂದ್ಯ ಮುಗಿದ ಮೇಲೆ ಒಂದೇ ಒಂದು ಸಾಲು ಬರೆದಿಡಿ. 'ಹಾರಿದಾಗ ಸತ್ತೆ.' 'ದೊಡ್ಡ ಏಟು ಗಾಳಿಗೆ.' ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಪುಟಗಟ್ಟಲೆ ಇದೇ ಎರಡು ಸಾಲುಗಳಿವೆ. ಒಂದು ಸಾಲು ಮತ್ತೆ ಮತ್ತೆ ಬಂದರೆ ಮರುದಿನದ ಇಪ್ಪತ್ತು ನಿಮಿಷ ಅದಕ್ಕೇ ಮೀಸಲು.

ಇದೆಲ್ಲಕ್ಕಿಂತ ಚೆನ್ನಾಗಿರುವುದು ಪಕ್ಕದಲ್ಲೇ ಒಬ್ಬ ಗೆಳೆಯನನ್ನೋ ತಂಗಿಯನ್ನೋ ಕೂರಿಸಿಕೊಂಡು ಆಡುವುದು. ಅವರಿಗೆ ಏನೂ ಗೊತ್ತಿಲ್ಲದಿದ್ದರೆ ಮೊದಲು ಅವರ ಕೈಗೆ ಕ್ಯೋಶಿರೋನನ್ನು ಕೊಡಿ. ನೀವು ಬೇರೆ ಯಾರನ್ನಾದರೂ ತಗೊಳ್ಳಿ. ನನ್ನ ಮನೆಯಲ್ಲಿ ಹೀಗೆ ಮಾಡಿದಾಗ ತಂಗಿ ಮೊದಲ ರೌಂಡಿನಲ್ಲಿ ಬಟನ್‌ಗಳನ್ನೇ ಮುಟ್ಟಲಿಲ್ಲ. ಆ ಬಣ್ಣದ ಮುಖವನ್ನು ನೋಡುತ್ತಾ ಕೂತಳು. ನಾನು ತಾಳ್ಮೆಗೆಟ್ಟು ಮುನ್ನುಗ್ಗಿ ದೊಡ್ಡ ಏಟು ಬೀಸಿದೆ, ಅದು ತಾಗಲಿಲ್ಲ. ಆಗ ಅವಳು ಒಂದು ಬಟನ್ ಒತ್ತಿದಳು. ಕುರೋಕೊ ಅವಳ ಬಾವುಟ ಎತ್ತಿದ.